ಅವ್ವ ಕಳಿಸಿದ ಗುರುತು

ಕಚೇರಿಯ ಸರ್ವರ್‌ನಲ್ಲಿ ಯಾರು ಯಾವ ಪಾಸ್‌ವರ್ಡ್ ಕೊಟ್ಟು ಒಳಗೆ ಬರಬಹುದು ಎಂಬುದನ್ನು ಬರೆದಿಡುವ ಕೆಲಸ ನನಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಕಲಿಸಲು ಬಂದ ಹುಡುಗಿ ಒಂದು ಕಡತ ತೆರೆದು ತೋರಿಸಿದಳು. ಒಂದೊಂದು ಸಾಲೂ ಒಂದೊಂದು ಪರೀಕ್ಷೆ. ಇದರಲ್ಲಿ ಸೋತವರಿಗೆ ಬಾಗಿಲಿಲ್ಲ. ಇದೊಂದರಲ್ಲಿ ಗೆದ್ದರೆ ಸಾಕು, ಮುಂದಿನದನ್ನು ಕೇಳಬೇಕಾಗಿಲ್ಲ. ಇನ್ನೊಂದು ಆದರೂ ಸರಿ, ಆಗದಿದ್ದರೂ ಸರಿ. ಟಪಾಲು ನೋಡುವವರಿಗೆ ಒಂದು ಕಡತ, ಯಂತ್ರವನ್ನೇ ನೋಡಿಕೊಳ್ಳುವವರಿಗೆ ಬೇರೊಂದು. ಸಾಲುಗಳನ್ನು ತೀರಾ ಬಿಗಿ ಮಾಡಿದರೆ ಕಳ್ಳರಿಗಿಂತ ಮೊದಲು ಮನೆಯವರೇ ಹೊರಗುಳಿಯುತ್ತಾರೆ ಎಂದೂ ಹೇಳಿದಳು. ಎರಡನೆಯ ಸಲ ವಿವರಿಸಲು ಹೊರಟಾಗ ನಾನು, ಗೊತ್ತಾಯಿತು ಎಂದೆ. ಇಷ್ಟು ಬೇಗ ಹೇಗೆ ಎಂದು ಆಕೆ ನಕ್ಕಳು. ನಾನು ಪರದೆಯ ಕಡೆ ತಿರುಗಿ ಮೊದಲ ಸಾಲು ಬರೆಯತೊಡಗಿದೆ. ಆಕೆಗೆ ಹೇಳಬೇಕಾಗಿದ್ದದ್ದು ಇದು. ಕಣ್ಣಿಂದ ಕಂಡದ್ದನ್ನು ಕಂಡೆ ಎಂದೂ, ಬೇರೆಯವರು ಹೇಳಿದ್ದನ್ನು ಹೇಳಿದರು ಎಂದೂ ಬರೆಯುತ್ತೇನೆ.

ನಮ್ಮ ಮನೆ ತಮಿಳು ಸೀಮೆಯ ಮೇಚೇರಿಯಿಂದ ಮೂರು ಮೈಲಿ ಒಳಗಿತ್ತು. ಕಲ್ಲು ನೆಲ, ಜಾಲಿ ಮರ, ಮಳೆ ಬಂದ ವರ್ಷ ರಾಗಿ, ಉಳಿದಂತೆ ಕುರಿ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಓದುವುದು ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು, ಅರ್ಧಕ್ಕೆ ನಿಂತ ಓದು ಮುಂದುವರಿಸಿದ್ದು ಮದುವೆಯಾಗಿ ಮೈಸೂರಿನ ಕಡೆ ಬಂದ ಮೇಲೆ. ಅಪ್ಪನಿಗೂ ಅವ್ವನಿಗೂ ಯಾವ ಅಕ್ಷರವೂ ಬರುತ್ತಿರಲಿಲ್ಲ. ಸಂಕ್ರಾಂತಿ ಬರುವ ತೈ ತಿಂಗಳಲ್ಲಿ ಓಮಲೂರು, ಕಡಯಂಪಟ್ಟಿ ಕಡೆ ಭತ್ತದ ಕೊಯ್ಲು ಮುಗಿದೊಡನೆ ಅಪ್ಪ ಅವ್ವ ಇಬ್ಬರೂ ಕುರಿ ಹೊಡೆದುಕೊಂಡು ಹೊರಡುತ್ತಿದ್ದರು. ಗೊಬ್ಬರಕ್ಕಾಗಿ ಅಲ್ಲಿನ ಗದ್ದೆಗಳಲ್ಲಿ ಕುರಿ ಮಂದೆ ನಿಲ್ಲಿಸುವುದು ವಾಡಿಕೆ. ಮೂರು ತಿಂಗಳು ಅವರು ಅಲ್ಲಿ. ಎಳೆ ಮರಿಗಳು, ಬಸುರಿ ಕುರಿಗಳು, ಅಪ್ಪನ ತಾಯಿಯಾದ ಅಜ್ಜಿ ಮತ್ತು ನಾನು ಇಲ್ಲಿ. ಎಂಟನೆಯ ತರಗತಿಯ ಮೇಲೆ ನನ್ನನ್ನು ಶಾಲೆಯಿಂದ ಬಿಡಿಸಿದ್ದು ಇದಕ್ಕೇ.

ಅಲ್ಲಿಂದ ಏನಾದರೂ ಬೇಕಾದರೆ ಅವ್ವ ಈ ಕಡೆ ಬರುವವರ ಕೈಲಿ ಹೇಳಿ ಕಳಿಸುತ್ತಿದ್ದಳು. ಬರುವವರು ನಮಗೆ ಗೊತ್ತಿರುವವರೇ ಆಗಬೇಕೆಂದಿಲ್ಲ. ಅವರನ್ನು ನಂಬುವುದು ಹೇಗೆ? ಅದಕ್ಕೆ ಗುರುತು. ಕಳಿಸುವವರು ತಮಗೂ ಕೊಡುವವರಿಗೂ ಗೊತ್ತಿರುವ ಯಾವುದೋ ಒಂದು ಸಂಗತಿಯನ್ನು ನೆನೆದು ಬಂದವನಿಗೆ ಒಪ್ಪಿಸುತ್ತಾರೆ. ಅವನು ಅದನ್ನು ನಮ್ಮ ಮುಂದೆ ಹೇಳಬೇಕು. ಮೊದಲೇ ಮಾತಾಡಿಕೊಂಡಿರಬೇಕಾಗಿಲ್ಲ. ಒಟ್ಟಿಗೆ ಬದುಕಿದವರಿಗೆ ಗುರುತಿಗೇನು ಬರ? ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದು ನಡೆಯುತ್ತಿತ್ತು.

ಮೊದಲ ವರ್ಷದ ಒಂದು ಗುರುತು ಚೆನ್ನಾಗಿ ನೆನಪಿದೆ. ಬಳೆ ಮಾರುವವನೊಬ್ಬ ಗೋಣಿಚೀಲ ಕೇಳಿ ಬಂದಿದ್ದ. ಅಜ್ಜಿ ಕೂತಲ್ಲಿಂದಲೇ ಕೇಳಿದಳು.

"ಗುರ್ತು ಏನ್ಲಾ ಕೊಟ್ಟವ್ಳೆ?"

"ನಿನ್ ಮೊಮ್ಮಗ್ಳು ಅಂಬ್ಲಿ ಮಡಕೆಗೆ ಕಿವಿ ಓಲೆ ಬೀಳಿಸ್ಬುಟ್ಟಿದ್ಲಂತೆ, ಅಜ್ಜಿ."

"ಬೀಳ್ಸಿದ್ಲು. ಆಮೇಲೆ? ಅದು ಸಿಕ್ಕಿದ್ದೆಲ್ಲಿ?"

ಅಜ್ಜಿ ಯಾವಾಗಲೂ ಹೀಗೇ. ಗುರುತು ಸರಿಯಿದ್ದರೂ ಮೇಲೊಂದು ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ. ಬಳೆಯವನು ನನ್ನ ಮುಖ ನೋಡಿದ, ಅಜ್ಜಿಯ ಮುಖ ನೋಡಿದ.

"ಏಳ್ಲಾ, ನಾಚ್ಕೆ ಏನು?"

"ನಿನ್ ಬಾಯಾಗಂತೆ. ಇದ್ದ ಒಂದ್ ಅಲ್ಲೂ ಅಲ್ಲಾಡೋಯ್ತಂತೆ."

ಅಜ್ಜಿ ಬಾಯಿ ತೆರೆದು ಆ ಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದಳು. ಮೂವರೂ ನಕ್ಕೆವು. ಚೀಲ ಕೊಟ್ಟೆವು. ಹಾಗೆ ನಗುವಂತಿದ್ದದ್ದೇ ತೊಂದರೆಯಾಯಿತು. ಬಳೆಯವನು ಮೇಚೇರಿ ಸಂತೆಯ ಟೀ ಅಂಗಡಿಯಲ್ಲಿ ಅದನ್ನು ಕತೆ ಮಾಡಿ ಹೇಳಿದ್ದನೆಂದು ಕಾಣುತ್ತದೆ. ಎರಡು ವಾರದ ಮೇಲೆ ಇನ್ನೊಬ್ಬ ಬಂದು ಅದೇ ಗುರುತು ಹೇಳಿದ, ಅಜ್ಜಿಯ ಮೇಲಿನ ಪ್ರಶ್ನೆಗೂ ಸರಿಯಾಗಿ ಉತ್ತರ ಕೊಟ್ಟ, ಟಗರೊಂದನ್ನು ಹೊಡೆದುಕೊಂಡು ಹೋದ. ಅವ್ವನೇ ಎರಡನೆಯ ಸಲ ಅದನ್ನು ಹೇಳಿ ಕಳಿಸಿದ್ದಾಳೆ ಎಂದುಕೊಂಡೆವು. ಅಪ್ಪ ಊರಿಗೆ ಬಂದು, ಟಗರು ಎಲ್ಲಿ ಎಂದು ಕೇಳಿದಾಗಲೇ ನಮಗೆ ತಿಳಿದದ್ದು.

ಅಜ್ಜಿಗೆ ಟಗರಿಗಿಂತ ಹಲ್ಲಿನ ಸಂಕಟ. "ನನ್ ಅಲ್ಲಿನ್ ಕತೆ ಸಂತೇವರ್ಗೂ ಓಗೈತಲ್ಲೋ! ಇನ್ನ್ ಯಾವ್ ಮುಕ ಒತ್ಕಂಡ್ ಎಲೆ ಅಡ್ಕೆ ತರಾಕೋಗ್ಲಿ?" ಎಂದಳು.

ಅಪ್ಪ ನಗಲಿಲ್ಲ. ಅಂಗಳದಲ್ಲಿ ಕೂತು, ಒಂದೊಂದೇ ವಿಷಯ ಎತ್ತಿಕೊಂಡು ಕಟ್ಟು ಮಾಡಿದ. ಹಗ್ಗ, ಚೀಲ, ಮಡಕೆ ಇಂಥವು ಕೇಳಿ ಬಂದರೆ ಅವ್ವನ ಎಲೆ ಅಡಿಕೆ ಚೀಲ ತೋರಿಸಿದರೆ ಸಾಕು. ದಾರ ಎಳೆದರೆ ಬಾಯಿ ಮುಚ್ಚುವ ಕೆಂಪು ಅಂಚಿನ ಚೀಲ ಅದು, ನಮಗೆ ಚೆನ್ನಾಗಿ ಗೊತ್ತು. ಕುರಿ ಅಥವಾ ರಾಗಿ ಕೇಳಿದರೆ ಚೀಲದ ಜೊತೆ ಗುರುತೂ ಬೇಕು. ಒಂದು ಸಲ ಹೇಳಿದ ಗುರುತು ಅಲ್ಲಿಗೇ ಮುಗಿಯಿತು, ಇನ್ನೊಮ್ಮೆ ನಡೆಯುವುದಿಲ್ಲ. ನಾಲ್ಕು ಜನ ಕೂತು ನಗುವಂಥದ್ದು ಬೇಡ.

ಆಮೇಲೆ ನನ್ನ ಕಡೆ ತಿರುಗಿದ. "ನಿನ್ನೇ ಕರ್ಯಾಕೆ ಯಾರಾರ ಬಂದ್ರೆ? ಟಗರು ಓದ್ರೆ ಓಗ್ಲಿ. ವಯಸ್ಗೆ ಬಂದೋಳು ನೀನು. ಅದು ನಿಂಗೂ ನಿಮ್ಮವ್ವಂಗೂ ಬುಟ್ಟು ಇನ್ಯಾರ್ಗೂ ಗೊತ್ತಿರ್ಬಾರ್ದು. ಕೇಳ್ದ್ ತಕ್ಷಣ ಔದು ಇದು ನಿಜ ಅಂತ ನೀನೇ ಏಳ್ಬೇಕು. ಏಳಕ್ಕಾಗ್ಲಿಲ್ವಾ, ಚೀಲ ತಂದಿರ್ಲಿ, ನನ್ ತಲೇನೇ ತಂದಿರ್ಲಿ, ಅಂಗ್ಳ ದಾಟ್ಬೇಡ."

"ಆಗ್ಲಪ್ಪ" ಎಂದೆ.

ಅವ್ವ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು. ಅವಳೂ ತಲೆಯಾಡಿಸಿದಳು.

ಮುಂದಿನ ವರ್ಷದಿಂದ ಬಂದ ಗುರುತುಗಳೇ ಬೇರೆ. ನಗುವಂಥದ್ದು ಬೇಡವೆಂದ ಮೇಲೆ ಅವ್ವ ಯಾರಿಗೂ ಹೇಳದೆ ಇಟ್ಟುಕೊಂಡಿದ್ದವನ್ನು ಒಂದೊಂದಾಗಿ ಕಳಿಸತೊಡಗಿದಳು. ಒಂದು ದಿನ ಎತ್ತಿನ ಗಾಡಿಯವನೊಬ್ಬ ಬಂದು, ಬಾಯಿಪಾಠ ಒಪ್ಪಿಸುವವನಂತೆ ಹೇಳಿದ. ಶಾಲೆ ಬಿಡಿಸಿದ ದಿನ ನೀನು ಸ್ಲೇಟನ್ನು ರಾಗಿ ಮಡಕೆಯ ಹಿಂದೆ ಬಚ್ಚಿಟ್ಟೆ, ನಿಮ್ಮವ್ವ ನೋಡಿದಳಂತೆ. ಯಾರೂ ನೋಡಿಲ್ಲವೆಂದು ಎರಡು ವರ್ಷ ನಂಬಿದ್ದೆ. ಅವಳು ನೋಡಿದ್ದಳು, ಸುಮ್ಮನಿದ್ದಳು, ಅಲ್ಲಿ ಯಾವುದೋ ಗದ್ದೆಯ ಬದುವಿನ ಮೇಲೆ ಕೂತು ಅದನ್ನೇ ನೆನೆಯುತ್ತಿದ್ದಳು. ಗಾಡಿಯವನಿಗೆ ತಾನು ಏನು ಹೊತ್ತು ತಂದಿದ್ದೇನೆಂದು ಗೊತ್ತಿರಲಿಲ್ಲ. "ಸರಿಯಾ? ರಾಗಿ ಕೊಡು, ಒತ್ತಾಯ್ತು" ಎಂದ.

ಮನೆಯಲ್ಲಿದ್ದಾಗ ಅವ್ವ ಹೆಚ್ಚು ಮಾತಿನವಳಲ್ಲ. ನೀರು ತಾ, ಮರಿ ಕಟ್ಟು, ಕತ್ತಲಾಯ್ತು ಒಳಗೆ ಬಾ. ಅಷ್ಟೇ. ಅವಳ ಮನಸ್ಸಿನೊಳಗೆ ನಾನು ಎಷ್ಟು ಇದ್ದೇನೆಂದು ತಿಳಿದದ್ದು ಬೇರೆಯವರ ಬಾಯಿಂದ, ರಾಗಿ ಅಳೆದುಕೊಡುವಾಗ. ತೈ ಮುಗಿದು ಮಾಸಿ ತಿಂಗಳು ಬರುವ ಹೊತ್ತಿಗೆ ನಾನು ದಾರಿ ಕಾಯುತ್ತಿದ್ದೆ. ಅವರಿಗೆ ಏನಾದರೂ ತೀರಿಹೋಗಲಿ, ಯಾರಾದರೂ ಕೇಳಿಕೊಂಡು ಬರಲಿ ಎಂದು ಆಸೆಪಡುತ್ತಿದ್ದೆ. ಗುರುತು ಸಿಕ್ಕ ರಾತ್ರಿ ಅದನ್ನೇ ನೆನೆಯುತ್ತಾ ಮಲಗುತ್ತಿದ್ದೆ. ನನಗೆ ನನ್ನ ತಾಯಿಯಿಂದ ಬಂದ ಕಾಗದಗಳೆಂದರೆ ಅವೇ. ಎಣಿಸಿದರೆ ಒಂಬತ್ತು ಇರಬಹುದು.

ಮೂರನೆಯ ವರ್ಷ ಮಾಸಿ ತಿಂಗಳಿನ ಒಂದು ಮಧ್ಯಾಹ್ನ, ನಾನು ಮರಿಗಳಿಗೆ ನೀರಿಡುತ್ತಿದ್ದಾಗ, ನಲವತ್ತರ ಆಸುಪಾಸಿನ ಮನುಷ್ಯನೊಬ್ಬ ಮುಳ್ಳಿನ ತಡಿಕೆಯ ಆಚೆ ಬಂದು ನಿಂತ. ತಲೆಗೆ ಟವೆಲ್ ಸುತ್ತಿದ್ದ. ಮೊಳಕಾಲಿನವರೆಗೆ ಧೂಳು. ಬಸ್ಸಿಳಿದು ಮೂರು ಮೈಲಿಯೂ ಓಡುತ್ತಲೇ ಬಂದವನಂತೆ ಏದುತ್ತಿದ್ದ. ಅವನನ್ನು ನಾನು ಹಿಂದೆ ನೋಡಿರಲಿಲ್ಲ.

"ಕಡಯಂಪಟ್ಟಿಯಿಂದ ಬತ್ತಾ ಇವ್ನಿ ಕನಮ್ಮಾ. ನಿಮ್ ಕುರಿ ನಮ್ ಗದ್ದೇಲೇ ನಿಂತಿರಾದು. ನಿಮ್ಮವ್ವಂಗೆ ಒಡಂಬು ಸರಿಯಿಲ್ಲ. ಮೂರ್ ದಿನ್ವಾಯ್ತು, ಜರ. ಆಸ್ಪತ್ರೆಗೆ ಸೇರ್ಸವ್ರೆ. ನಿನ್ನ ಕೇಳ್ತಾನೇ ಅವ್ಳೆ. ಒರಡು, ಐದ್ ಗಂಟೆ ಬಸ್ಸು ಐತೆ."

ಚೀಲ ಎತ್ತಿ ತೋರಿಸಿದ. ಕೆಂಪು ಅಂಚು. ಅವ್ವನದೇ. ನೀರಿನ ಮಡಕೆ ಕೆಳಗಿಟ್ಟು ತಡಿಕೆಯ ಹತ್ತಿರ ಹೋದೆ. ಆದರೆ ಚೀಲವನ್ನು ಯಾರು ಬೇಕಾದರೂ ಎತ್ತಿಕೊಂಡು ಬರಬಹುದು.

"ಗುರುತು ಹೇಳಣ್ಣ" ಎಂದೆ.

"ಅಡಯಾಳನಾ? ಕೊಟ್ಟವ್ಳೆ, ಕೊಟ್ಟವ್ಳೆ. ನಿಮ್ಮವ್ವನ ತೌರ್ನಾಗೆ, ಒಳೆ ದಂಡೇಲಿ, ಬೋರಲಾಕಿದ್ದ ಪರಿಸ್ಲು ಕೆಳ್ಗೆ ನೀನ್ ಮಲ್ಗಿದ್ದೆ. ಜೊತೇಲಿ ಒಂದ್ ಕುರಿಮರಿ. ಆಗ..."

ಅವ್ವನ ತವರು ಹೊಗೆನಕಲ್ ಹತ್ತಿರ. ಪರಿಸಲು ಎಂದರೆ ಅಲ್ಲಿ ಹೊಳೆ ದಾಟಿಸುವ, ಬಿದಿರು ಹೆಣೆದು ತೊಗಲು ಹೊದಿಸಿದ ದುಂಡು ದೋಣಿ. ನನಗೆ ನೆನಪಿರುವಂತೆ ನಾನು ಅಲ್ಲಿಗೆ ಮೂರು ಸಲ ಹೋಗಿದ್ದೆ. ಮೂರನ್ನೂ ಮನಸ್ಸಿನಲ್ಲಿ ತಿರುವಿ ನೋಡಿದೆ. ಮಾವ ಮೀನು ಸುಟ್ಟು ಕೊಟ್ಟದ್ದಿತ್ತು, ಬಂಡೆ ಜಾರಿ ಮಂಡಿ ಒಡೆದದ್ದಿತ್ತು. ಪರಿಸಲಿನ ಕೆಳಗೆ ನಾನು ಮಲಗಿದ್ದಿಲ್ಲ. ಮರಿ ಇರಲಿಲ್ಲ.

"ಯಾವಾಗ?" ಎಂದು ಕೇಳಿದೆ.

"ಅದ್ ನಂಗೇನ್ ತೆರಿಯುಂ? ಏಳಿದ್ನ ಏಳ್ತಾ ಇವ್ನಿ."

"ಹಂಗೆ ನಡೆದೇ ಇಲ್ಲ."

ಅವನು ತಡಿಕೆಗೆ ಕೈಕೊಟ್ಟು ನಿಂತುಬಿಟ್ಟ. "ನಡ್ದಿಲ್ವಾ? ನಾನೇನ್ ಇದ್ನ ಬಸ್ಸಾಗ್ ಕುಂತು ಕಟ್ಕಂಡ್ ಬಂದ್ನಾ? ಪರಿಸ್ಲು ಅಂದ್ರೆ ಚದ್ರನೋ ಗುಂಡೋ ನಂಗ್ ಗೊತ್ತಿಲ್ಲ, ತಾಯಿ!"

ಅಜ್ಜಿ ಜಗುಲಿಯಿಂದ ಎದ್ದು ಬಂದಿದ್ದಳು. ನಾನು ಅವಳನ್ನು ಕೇಳಿದೆ. "ನಾ ಕಾಣೆ ಕೂಸೇ. ಅವ್ಳ್ ತೌರಾಗ್ ನಡ್ದಿದ್ದು ನಂಗೆಂಗ್ ಗೊತ್ತಾದದು?" ಎಂದಳು. ಆಮೇಲೆ ಅವನ ಕಡೆ ತಿರುಗಿ, ತನ್ನ ಪದ್ಧತಿಯಂತೆ, "ಆಮೇಕೆ ಏನಂದ್ಲಪ್ಪಾ?" ಎಂದು ಶುರುಮಾಡಿದಳು.

"ಬೇಡ ಅಜ್ಜಿ" ಎಂದೆ. "ನಿಜವಲ್ಲದ ಗುರುತಿಗೆ ಆಮೇಲೆ ಏನು ಕೇಳೋದು?"

ಈ ಮಾತು ನಾನು ಆಡಿದ್ದು ಹೀಗೇ. ಬದಲಿಸಿ ಬರೆಯಲಾರೆ.

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ನಾನು ಅಜ್ಜಿಯ ತೋಳು ಹಿಡಿದು ಒಳಗೆ ಕರೆದುಕೊಂಡು ಬಂದು ಬಾಗಿಲು ಹಾಕಿದೆ. ಹೊರಗೆ ಅವನು ಎರಡು ಸಲ ಕೂಗಿದ. ಮೂರನೆಯ ಸಲ ತಮಿಳಿನಲ್ಲಿ ಬೈದ. ಆಮೇಲೆ ಹೆಜ್ಜೆಯ ಸದ್ದು. ಅಜ್ಜಿ ಕತ್ತಲಲ್ಲಿ ಕೂತು, "ಚೀಲ ಅವ್ಳದೇ ಅಲ್ವಾ ಕೂಸೇ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಅಂದಳು. ನಾನು, ಅಪ್ಪ ಹೇಳಿದ್ದು ನಿನಗೂ ಕೇಳಿಸಿತ್ತಲ್ಲ ಎಂದೆ. ನನಗೆ ಭಯವಾಗಿತ್ತು. ಆದರೆ ಸರಿಯಾದದ್ದನ್ನು ಮಾಡಿದೆನೆಂಬ ಸಣ್ಣ ಹೆಮ್ಮೆಯೂ ಇತ್ತು. ಅದನ್ನೂ ಬರೆಯಬೇಕು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅಪ್ಪನೇ ಬಂದ. ತಡಿಕೆ ತೆಗೆಯುವಾಗಲೇ ಅವನ ಮುಖ ನೋಡಿ, ನಿನ್ನೆ ಬಂದವನು ಹೇಳಿದ್ದು ನಿಜವೆಂದು ನನಗೆ ತಿಳಿಯಿತು. "ಸೀರೆ ಎತ್ಕೋ" ಎಂದ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ನಾನು ನಡೆದದ್ದನ್ನೆಲ್ಲ ಹೇಳಿದೆ. ಪರಿಸಲಿನ ಮಾತು ಬಂದಾಗ ಅವನು ಕಿಟಕಿಯ ಕಡೆ ತಿರುಗಿದ. ಅದೇನೆಂದು ಅವನಿಗೂ ಗೊತ್ತಿರಲಿಲ್ಲ. ಹಾಗೇ ಹೊರಗೆ ನೋಡುತ್ತಾ, "ನಾ ಏಳ್ಕೊಟ್ಟಂಗೇ ಮಾಡಿದ್ದೀಯ ಕನವ್ವ" ಎಂದ. ಅದು ಸಮಾಧಾನವೋ ನೋವೋ ಎಂದು ನನಗೆ ಈಗಲೂ ಬಿಡಿಸಲಾಗಿಲ್ಲ.

ನಾವು ಆಸ್ಪತ್ರೆ ಮುಟ್ಟಿದಾಗ ಹತ್ತು ಗಂಟೆ ಇರಬಹುದು. ಅವ್ವ ಎಂಟಕ್ಕೇ ಹೋಗಿದ್ದಳು. ನಾವಿಬ್ಬರೂ ಆಗ ಬಸ್ಸಿನಲ್ಲಿದ್ದೆವು. ನನ್ನನ್ನು ಕರೆತರಲು ಬಂದಿರದಿದ್ದರೆ ಅಪ್ಪನಾದರೂ ಅವಳ ಬಳಿ ಇರುತ್ತಿದ್ದ. ಅವಳ ಪಕ್ಕದಲ್ಲಿ ಕೂತಿದ್ದವನು ಕಡಯಂಪಟ್ಟಿಯ ಆ ಮನುಷ್ಯ. ನನ್ನನ್ನು ನೋಡಿ ಎದ್ದು ಜಾಗ ಬಿಟ್ಟು ಹೊರಗೆ ಹೋದ. ಎಲೆ ಅಡಿಕೆ ಚೀಲ ಅವ್ವನ ತಲೆಯ ಹತ್ತಿರ ಇತ್ತು. ಅವಳ ಪಾದ ಇನ್ನೂ ತಣ್ಣಗಾಗಿರಲಿಲ್ಲ.

ಆ ವರ್ಷ ಆಡಿ ತಿಂಗಳಲ್ಲಿ, ಹೊಳೆಗೆ ಹೊಸ ನೀರು ಬಂದಿದ್ದಾಗ, ನಾನು ಅವ್ವನ ತವರಿಗೆ ಹೋದೆ. ಕೇಳಬೇಕಾದದ್ದು ಒಂದೇ. ಅಲ್ಲಿ ಉಳಿದಿದ್ದವನು ಮಾವ ಒಬ್ಬನೇ, ಪರಿಸಲು ನಡೆಸುವವನು. ಅವನು ಹುಟ್ಟು ಕೆಳಗಿಟ್ಟು ಯೋಚಿಸಿದ.

"ನೀನು ಎಂಟ್ ತಿಂಗ್ಳ ಕೂಸಾಗಿದ್ದಾಗ ಅಕ್ಕ ಇಲ್ಲಿದ್ಲು. ಬ್ಯಾಸ್ಗೆ. ಪರಿಸ್ಲು ದಿನಾ ದಂಡೆ ಮ್ಯಾಲೇ ಬೋರಲಾಕ್ತಿದ್ವಿ, ಒಂದ್ ಕಡೆ ಕಲ್ಲು ಕೊಟ್ಟು. ಕೆಳ್ಗೆ ನೆಳ್ಳು ಇರ್ತಿತ್ತು. ಆದ್ರೆ ಮಲ್ಗಿಸಿದ್ಲೋ ಇಲ್ವೋ ನಾನ್ ಕಂಡಿಲ್ಲ. ನಾನ್ ಇನ್ನೊಂದ್ ಪರಿಸ್ಲು ತಕ್ಕಂಡ್ ಒಳೆ ಮ್ಯಾಲೇ ಇರ್ತಿದ್ನಲ್ಲ."

ಎಂಟು ತಿಂಗಳು. ಅಪ್ಪ ಹೇಳಿದ್ದನ್ನು ಅವ್ವ ಜ್ವರದಲ್ಲೂ ಮರೆತಿರಲಿಲ್ಲ. ಅವಳನ್ನೂ ನನ್ನನ್ನೂ ಬಿಟ್ಟು ಯಾರೂ ಇಲ್ಲದ ಸಂಗತಿಯನ್ನೇ ಹುಡುಕಿದ್ದಳು. ಆಗ ನನಗೆ ನೆನಪು ಎಂಬುದೇ ಹುಟ್ಟಿರಲಿಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ. ಅವಳ ಮಟ್ಟಿಗೆ ಅಲ್ಲಿ ಇಬ್ಬರಿದ್ದರು.

ಮರುವರ್ಷ ಅವ್ವನ ಬದಲು ನಾನೇ ಅಪ್ಪನ ಜೊತೆ ಮಂದೆ ಕಾಯಲು ಹೋದೆ. ಅದೇ ಕಡಯಂಪಟ್ಟಿಯ ಗದ್ದೆ. ಅದರ ಯಜಮಾನ, ಆವತ್ತು ಗುರುತು ತಂದವನು, ದಿನವೂ ಬಂದು ಕುರಿ ನೋಡಿ, ಅಪ್ಪನನ್ನು ಮಾತಾಡಿಸಿ ಹೋಗುತ್ತಿದ್ದ. ನನ್ನ ಕಡೆ ತಿರುಗುತ್ತಿರಲಿಲ್ಲ. ಐದಾರು ದಿನ ನೋಡಿದೆ. ಆರನೆಯ ದಿನವೋ ಏಳನೆಯ ದಿನವೋ, ಅವನು ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವಾಗ ಹತ್ತಿರ ಹೋಗಿ ನಿಂತೆ.

"ಅಣ್ಣ, ಆವತ್ತು ನೀನು ತಂದ ಗುರುತು ಪೂರ್ತಿ ಹೇಳು."

ಅವನು ತಲೆಯೆತ್ತಲಿಲ್ಲ. "ಈಗ್ ಕೇಳ್ತೀಯಾ? ಆವತ್ತು ಬಾಯ್ ತೆರೆಯಾಕ್ ಬುಡ್ಲಿಲ್ಲ. ಬಾಗ್ಲು ಆಕ್ಕಂಡೆ."

"ಹೂಂ. ಹಾಕ್ಕೊಂಡೆ."

ಅವನು ಅನ್ನ ಕಲಸತೊಡಗಿದ. ನಾನು ಹೋಗಲಿಲ್ಲ. ಕೊನೆಗೆ ಕೈ ನಿಲ್ಲಿಸಿ, ಮನೆ ಬಾಗಿಲಲ್ಲಿ ಒಪ್ಪಿಸಬೇಕಾಗಿದ್ದಂತೆಯೇ ಹೇಳಿದ.

"ನಿಮ್ಮವ್ವನ ತೌರ್ನಾಗೆ, ಒಳೆ ದಂಡೇಲಿ, ಬೋರಲಾಕಿದ್ದ ಪರಿಸ್ಲು ಕೆಳ್ಗೆ ನೀನ್ ಮಲ್ಗಿದ್ದೆ. ಜೊತೇಲಿ ಒಂದ್ ಕುರಿಮರಿ. ಆಗ ನಿಮ್ಮವ್ವ ಬಟ್ಟೆ ಒಗ್ದು ಬಂದು, ಪರಿಸ್ಲು ಎತ್ ನೋಡಿದ್ಲು. ಮರಿ ನಿನ್ ಒಟ್ಟೆ ಮ್ಯಾಲೆ ತಲೆ ಮಡಗಿತ್ತು. ನೀನ್ ಅದ್ರ ಕಿವಿ ಇಡ್ಕಂಡಿದ್ದೆ. ಇಬ್ರೂ ನಿದ್ದೆ. ಎಬ್ಬಿಸ್ಲಿಲ್ಲ. ಮೆಲ್ಲಕ್ ಇಳ್ಸಿ, ಬಿಸ್ಲು ಇಳ್ಯೋಗಂಟ ಅಲ್ಲೇ ಕುಂತಿದ್ಲು. ಅವ್ಳಿಗ್ ಏಳಣ್ಣ, ಇನ್ನೂ ಒಂದ್ ಗಳ್ಗೆ ಅಂಗೇ ಮಲ್ಗಿರ್ಲಿ ಅಂತ ನಂಗ್ ಆಸೆ ಇತ್ತು ಅಂತ ಏಳು. ಅಷ್ಟೇ ನಿಮ್ಮವ್ವ ಏಳಿದ್ದು."

ಇನ್ನೊಂದು ಸಲ ಹೇಳು ಎಂದೆ. ಬೇಸರಿಸಿಕೊಳ್ಳದೆ ಮತ್ತೆ ಹೇಳಿದ. ಒಂದು ಪದವೂ ಆಚೀಚೆಯಾಗಲಿಲ್ಲ. ವರ್ಷವಿಡೀ ಅವನೂ ಅದನ್ನು ಇಟ್ಟುಕೊಂಡಿದ್ದ.

"ಈಗ್ಲಾರ ನಿಜ ಅಂತೀಯಾ?" ಎಂದು ಕೇಳಿದ.

"ನೆನಪಿಲ್ಲ ಅಣ್ಣ" ಎಂದೆ. "ನೆನಪಿಲ್ಲದಿದ್ರೂ ಬರಬೇಕಾಗಿತ್ತು."

ಅವನು ನನ್ನ ಮುಖವನ್ನು ಮೊದಲ ಸಲ ನೋಡಿದ. ಬುತ್ತಿಯ ಮುಚ್ಚಳಕ್ಕೆ ಅರ್ಧ ಅನ್ನ ಹಾಕಿ ನನ್ನ ಕಡೆ ತಳ್ಳಿ, "ಕುಂತ್ಕೋ, ಉಣ್ಣು" ಎಂದ. ನಾನು ಕೂತೆ.

ಪರಿಸಲಿನ ಕೆಳಗಿನ ಆ ನೆರಳನ್ನು ನಾನು ಎಷ್ಟೋ ಸಲ ಹುಡುಕಿದ್ದೇನೆ. ಕಣ್ಣು ಮುಚ್ಚಿದರೆ ತೊಗಲಿನ ವಾಸನೆ ಬರುತ್ತದೆ, ಮರಿಯ ಕಿವಿ ಬೆರಳಿಗೆ ಬೆಚ್ಚಗೆ ಸಿಗುತ್ತದೆ, ಕಲ್ಲು ಕೊಟ್ಟ ಕಡೆಯ ಸಂದಿಯಲ್ಲಿ ಬೆಳಕಿನ ಒಂದು ಗೆರೆ, ಅದರಾಚೆ ಕೂತಿರುವವಳ ಸೀರೆಯ ಅಂಚು. ಅದೆಲ್ಲ ನಾನು ಕಟ್ಟಿಕೊಂಡದ್ದು. ನೆನಪಲ್ಲ.